ಅರ್ಜಿಯನ್ನು ಮಕ್ಕಳೇ ತುಂಬಲಿ

ಪಿಯುಸಿಯ ಎರಡೂ ವರ್ಷ ಕೋಚಿಂಗು, ಟೆಸ್ಟ್ ಸೀರೀಸು ಎಂದು ಮಕ್ಕಳ ಬೆನ್ನು ಬೀಳುವ ನಾವು, ಸಾಮಾನ್ಯ ಪ್ರವೇಶ ಪರೀಕ್ಷೆಗೆ (ಸಿಇಟಿ) ಅರ್ಜಿ ಹಾಕುವ ದಿನ ಬಂತೆಂದರೆ ಸೈಬರ್ ಸೆಂಟರ್‌ನವನ ಮುಂದೆ ಕಾಗದಗಳನ್ನೆಲ್ಲ ಸುರಿದು ಕೈತೊಳೆದುಕೊಳ್ಳುತ್ತೇವೆ. ಒಟಿಪಿ ಅಪ್ಪನ ಮೊಬೈಲಿಗೆ, ಪಾಸ್‌ವರ್ಡ್ ಸೆಂಟರಿನ ನೋಟ್‌ಬುಕ್ಕಿಗೆ. ಓದಬೇಕಾದ ಹುಡುಗಿ ಮಾತ್ರ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ.

ಈ ರೂಢಿ ಬಿಡಬೇಕು. ಅರ್ಜಿಯನ್ನು ಮಕ್ಕಳೇ ತುಂಬಲಿ. ದೊಡ್ಡವರು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಓದಿ ನೋಡಲಿ. ಇಮೇಲ್ ಮಕ್ಕಳದೇ ಇರಲಿ.

ಕಾಗದಪತ್ರದ ಕೆಲಸವನ್ನು ಪರೀಕ್ಷೆಯ ಬಿಸಿ ಏರುವ ಮೊದಲೇ ಮುಗಿಸಬಹುದು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ನಂಬರ್ ಇರುತ್ತದೆ. ಅರ್ಜಿಗೆ ಬೇಕಾದದ್ದು ಅದೇ. ಪ್ರಮಾಣಪತ್ರದಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೊಂದಿಗೆ ತಾಳೆಯಾಗುತ್ತದೆಯೇ ಎಂದು ಮಕ್ಕಳಿಂದಲೇ ನೋಡಿಸಿ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲಾತಿಯಿದೆ. ಆದರೆ ಅದಕ್ಕೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಊರು ಬಿಟ್ಟು ಬಂದ ಮನೆಯವರಿಗೆ ಇದು ಒಂದು ದಿನದ ಓಡಾಟವಲ್ಲ. ದಸರೆಗೋ ದೀಪಾವಳಿಗೋ ಊರಿಗೆ ಹೋದಾಗ ಮಗನನ್ನೇ ಹಳೆಯ ಶಾಲೆಗೆ ಕಳಿಸಿ. ಕಚೇರಿಯಲ್ಲಿ ನಿಂತು ವಿನಯದಿಂದ ತನ್ನ ಕೆಲಸ ಕೇಳುವುದನ್ನು ಯಾವ ಕೋಚಿಂಗ್‌ನವರೂ ಕಲಿಸುವುದಿಲ್ಲ.

ಮನೆಯಲ್ಲಿ ನಿಜವಾದ ಜಗಳ ಆಗುವುದು ರ‍್ಯಾಂಕ್ ಬಂದ ಮೇಲೆ, ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ನಮೂದಿಸುವ ಆಪ್ಷನ್ ಎಂಟ್ರಿಯ ಹೊತ್ತಿಗೆ. ‘ನಮ್ಮ ರ‍್ಯಾಂಕಿಗೆ ಆ ಕಾಲೇಜು ಎಲ್ಲಿ ಸಿಗುತ್ತೆ, ಸಿಗೋದನ್ನೇ ಮೇಲೆ ಹಾಕು’ ಎಂದು ಅಪ್ಪ. ‘ಎಲ್ಲರೂ ಕಂಪ್ಯೂಟರ್ ಸೈನ್ಸ್ ತಾನೇ ಹಾಕೋದು’ ಎಂದು ಚಿಕ್ಕಪ್ಪ. ಇಬ್ಬರದೂ ತಪ್ಪು ಲೆಕ್ಕ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಂಪ್ಯೂಟರು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲನೆಯದು ರ‍್ಯಾಂಕಿಗೆ ಸಿಗದಿದ್ದರೆ ಎರಡನೆಯದು, ಅದೂ ಇಲ್ಲವಾದರೆ ಮೂರನೆಯದು. ಸಿಗದ ಕಾಲೇಜನ್ನು ಮೇಲೆ ಬರೆದದ್ದಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಸಿಗುವುದನ್ನೇ ಮೇಲೆ ಬರೆದರೆ ಮಾತ್ರ ಅದೇ ಗಂಟುಬೀಳುತ್ತದೆ, ಅದರ ಕೆಳಗಿನ ಇಷ್ಟದ ಕಾಲೇಜಿನತ್ತ ಯಂತ್ರ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಕ್ರಮ ಇಷ್ಟದ್ದಿರಲಿ, ಉದ್ದ ಧಾರಾಳವಾಗಿರಲಿ. ಹಿಂದಿನ ವರ್ಷದ ಕಟಾಫ್ ರ‍್ಯಾಂಕುಗಳು ಕೆಇಎ ಜಾಲತಾಣದಲ್ಲೇ ಸಿಗುತ್ತವೆ. ಮಗಳು ಅದನ್ನು ನೋಡಿ ಒಂದು ಪಟ್ಟಿ ಬರೆಯಲಿ. ಒಂದೊಂದಕ್ಕೂ ‘ಯಾಕೆ’ ಎಂದು ಅವಳೇ ಹೇಳಲಿ. ಹಾಸ್ಟೆಲ್ ಖರ್ಚು ಎಷ್ಟು ಭರಿಸಬಲ್ಲಿರಿ ಎಂಬುದನ್ನು ನೀವೂ ಮುಚ್ಚಿಡದೆ ಹೇಳಿ. ದುಡ್ಡಿನ ಮಾತನ್ನು ಮಕ್ಕಳಿಂದ ಮರೆಮಾಚಿ, ಕೊನೆಗೆ ಸೀಟು ಸಿಕ್ಕ ಮೇಲೆ ‘ಬೇಡ’ ಎನ್ನುವುದು ದೊಡ್ಡ ಅನ್ಯಾಯ.

ನಿಜವಾದ ಸೀಟು ಹಂಚಿಕೆಗೆ ಮೊದಲು ಬರುವ ಅಣಕು ಹಂಚಿಕೆಯ ಫಲಿತಾಂಶ ಕಂಡು ಹಿಗ್ಗುವುದೂ ಬೇಡ, ಅಳುವುದೂ ಬೇಡ. ಅದು ಸೀಟಲ್ಲ, ಪಟ್ಟಿ ತಿದ್ದಿಕೊಳ್ಳಲು ಕೊಟ್ಟ ಅವಕಾಶ. ನಿಜವಾದ ಸುತ್ತಿನಲ್ಲಿ ಸಿಕ್ಕ ಸೀಟನ್ನು ಇಟ್ಟುಕೊಂಡು ಮುಂದಿನ ಸುತ್ತಿಗೆ ಹೋದವರಿಗೆ ಪಟ್ಟಿಯಲ್ಲಿ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ, ಮತ್ತೆ ಬೇಕೆಂದರೂ ಬರುವುದಿಲ್ಲ. ಹಾಗಾಗಿ ಪಟ್ಟಿಯನ್ನು ಅಂತಿಮಗೊಳಿಸುವ ಹಿಂದಿನ ರಾತ್ರಿ ಟಿವಿ ಆರಿಸಿ, ಮಕ್ಕಳೊಂದಿಗೆ ಕೂತು ಒಮ್ಮೆ ಪೂರ್ತಿ ಓದಿ. ಬಟನ್ ಮಾತ್ರ ಅವರೇ ಒತ್ತಲಿ.