ಅಕ್ಕಿ ಮೂಟೆ ಮೇಲೆ ರಸ್ತೆ ತೆರಿಗೆ

ಇಪ್ಪತ್ತು ಡಾಲರಿನ ಸೋನಾ ಮಸೂರಿ ಮೂಟೆಗೆ ಇನ್ನು ಇಪ್ಪತ್ತು ಸೆಂಟು ಜಾಸ್ತಿ ಕೊಟ್ಟರೆ ಏನು ಮಹಾ? 2012ರ ಬೇಸಿಗೆಯಲ್ಲಿ ಅಟ್ಲಾಂಟದ ನಮ್ಮ ಕನ್ನಡ ಗೆಳೆಯರ ಮನೆಗಳಲ್ಲಿ, ಶನಿವಾರದ ಊಟ ಮುಗಿದು ಕಾಫಿ ಬರುವ ಹೊತ್ತಿಗೆ ಈ ಪ್ರಶ್ನೆ ಎದ್ದೇ ಏಳ್ತಿತ್ತು. ಆ ಇಪ್ಪತ್ತು ಸೆಂಟಿನ ಮೇಲೆ ಎರಡೆರಡು ಗಂಟೆ ಜಗಳ ಆಡಿದ್ದೇವೆ.

ವಿಷಯ ಇಷ್ಟೇ. ಅಟ್ಲಾಂಟ ಸುತ್ತಲಿನ 10 ಕೌಂಟಿಗಳಲ್ಲಿ ಹತ್ತು ವರ್ಷ ಕಾಲ ನೂರಕ್ಕೆ ಒಂದರಷ್ಟು ಹೆಚ್ಚುವರಿ ಮಾರಾಟ ತೆರಿಗೆ ಹಾಕೋದು. ಅದರಿಂದ ಬರುವ ಸುಮಾರು 720 ಕೋಟಿ ಡಾಲರ್‌ನಲ್ಲಿ ರಸ್ತೆ, ರೈಲು, ಬಸ್ಸು ಸರಿಮಾಡೋದು. ಇಡೀ ಪ್ರದೇಶಕ್ಕೆ 157 ಕೆಲಸಗಳ ಪಟ್ಟಿ ತಯಾರಾಗಿತ್ತು, ಆ ದುಡ್ಡಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ರೈಲು, ಬಸ್ಸಿಗೆ. ಬೇಕೋ ಬೇಡವೋ ಅಂತ ಜುಲೈ 31ಕ್ಕೆ ಜನರೇ ಮತ ಹಾಕಬೇಕು. ಟಿ-ಸ್ಪ್ಲಾಸ್ಟ್ ಅಂತ ಅದರ ಹೆಸರು. ರಾಜ್ಯದ ಗವರ್ನರ್ ನೇಥನ್ ಡೀಲ್ ರಿಪಬ್ಲಿಕನ್, ನಗರದ ಮೇಯರ್ ಕಾಸಿಮ್ ರೀಡ್ ಡೆಮಾಕ್ರಟ್. ಇಬ್ಬರೂ ಒಟ್ಟಿಗೆ ನಿಂತು "ಹೂಂ ಅನ್ನಿ" ಅಂದರು.

ನಾನು ಹೂಂ ಪಕ್ಷ. ಆಫೀಸಿಗೆ ಹೋಗೋಕೆ ದಿನಾ ಒಂದೂಕಾಲು ಗಂಟೆ, ಬರೋಕೆ ಅಷ್ಟೇ. ಮಗಳು ಮಲಗಿದ ಮೇಲೆ ಮನೆ ಸೇರುವ ಅಪ್ಪನಿಗೆ ಇಪ್ಪತ್ತು ಸೆಂಟು ಯಾವ ಲೆಕ್ಕ? ದಾವಣಗೆರೆ ಕಡೆಯ ಹಿರಿಯರೊಬ್ಬರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮೂವತ್ತು ವರ್ಷದಿಂದ ಅಲ್ಲೇ ಇದ್ದವರು, ಪೌರತ್ವ ಪಡೆದವರು, ನಾವೆಲ್ಲ ಅಂಕಲ್ ಅಂತಿದ್ವಿ. "ರಸ್ತೆ ಮೇಲೆ ಓಡೋದು ಕಾರು ಕಣಪ್ಪ. ತೆರಿಗೆ ಯಾಕೆ ಅಕ್ಕಿ ಮೇಲೆ?" ಅಂದರು.

ಮನೆಗೆ ಬಂದು ಓದಿ ನೋಡಿದೆ. ಅವರ ಮಾತು ನಿಜ. ಜಾರ್ಜಿಯದಲ್ಲಿ ಮನೆಗೆ ಒಯ್ಯುವ ದಿನಸಿಗೆ ರಾಜ್ಯದ ಮಾರಾಟ ತೆರಿಗೆ ಇಲ್ಲ. ಈ ಹೊಸ ತೆರಿಗೆ ಮಾತ್ರ ದಿನಸಿಗೂ ಬೀಳ್ತಿತ್ತು. ಕಾರಿಗೆ ಹಾಕುವ ಪೆಟ್ರೋಲಿಗೆ ವಿನಾಯಿತಿ! ಹೊಸ ಕಾರು ಕೊಂಡರೆ ಮೊದಲ 5,000 ಡಾಲರಿಗೆ ಮಾತ್ರ ತೆರಿಗೆ. ಅಂದರೆ ಐವತ್ತು ಸಾವಿರದ ಕಾರಿಗೂ ಐವತ್ತೇ ಡಾಲರು. ಪೆಟ್ರೋಲ್ ಮೇಲೆ ಯಾಕೆ ಹಾಕಲ್ಲ ಅಂದರೆ ಅದಕ್ಕೂ ಒಂದು ಕಾರಣ ಇದೆ. ಆ ರಾಜ್ಯದ ಸಂವಿಧಾನದ ಪ್ರಕಾರ ಪೆಟ್ರೋಲ್ ತೆರಿಗೆಯ ಹಣ ರಸ್ತೆಗೆ, ಸೇತುವೆಗೆ ಮಾತ್ರ. ರೈಲಿಗೆ ಅದನ್ನು ಮುಟ್ಟುವ ಹಾಗಿಲ್ಲ.

ಯಾರು ಎಷ್ಟು ಕೊಡಬೇಕು ಅನ್ನೋದಕ್ಕೆ ಮೂರು ಉತ್ತರ ಕೇಳಿದ್ದೇವೆ. ಬಳಸುವವನು ಕೊಡಲಿ, ಶಕ್ತಿ ಇದ್ದವನು ಕೊಡಲಿ, ಎಲ್ಲರೂ ಸಮ ಕೊಡಲಿ. ಮಾರಾಟ ತೆರಿಗೆ ಮೂರನೆಯದು ಅಂತ ಮೇಲ್ನೋಟಕ್ಕೆ ಕಾಣುತ್ತೆ, ನೂರಕ್ಕೆ ಒಂದು ಎಲ್ಲರಿಗೂ ಒಂದೇ ತಾನೆ? ಆದರೆ ಸಂಬಳವೆಲ್ಲ ಅಂಗಡಿಗೇ ಸುರಿಯುವವನ ಪೂರ್ತಿ ಸಂಬಳಕ್ಕೆ ಅದು ತಾಗುತ್ತೆ. ಅರ್ಧ ಉಳಿಸುವವನಿಗೆ ಅರ್ಧಕ್ಕೆ ಮಾತ್ರ. ಸಮ ಅನ್ನೋದು ಅಂಗಡಿಯ ಬಿಲ್ಲಿನಲ್ಲಿದೆ, ಬದುಕಿನಲ್ಲಿ ಇಲ್ಲ.

ಅಂಕಲ್‌ಗೆ ಇನ್ನೊಂದು ಸಿಟ್ಟಿತ್ತು. ಜಿಎ-400 ಹೆದ್ದಾರಿಯ ಟೋಲ್. 1993ರಲ್ಲಿ ಶುರುವಾದಾಗ, ಸಾಲ ತೀರಿದ ಮೇಲೆ, 2011ರಲ್ಲಿ ತೆಗೀತೀವಿ ಅಂದಿದ್ದರು. 2010ರಲ್ಲಿ ಅದನ್ನು ಮುಂದುವರಿಸುವ ತೀರ್ಮಾನ ಆಯ್ತು. ಈ ಮತದಾನಕ್ಕೆ ಎರಡು ವಾರ ಇರುವಾಗ ಗವರ್ನರ್ "ಟೋಲ್ ತೆಗೀತೀವಿ" ಅಂತ ಘೋಷಿಸಿದರು. "ಒಂದು ಸಲ ಮಾತು ತಪ್ಪಿದವನು ಸಂತೆ ದಿನ ಸಾಲ ಕೇಳೋಕೆ ಬಂದ ಹಾಗಾಯ್ತು," ಅಂತ ಅಂಕಲ್ ನಕ್ಕರು. ಇನ್ನೂ ಒಂದಿತ್ತು. ಬೇಡ ಅಂದ ಪ್ರದೇಶಗಳು ರಾಜ್ಯದ ರಸ್ತೆ ಅನುದಾನ ಪಡೆಯಲು ತಮ್ಮ ಕಡೆಯಿಂದ ಶೇ. 10ರ ಬದಲು ಶೇ. 30 ಹಾಕಬೇಕು ಅಂತ ಕಾನೂನಿನಲ್ಲೇ ಬರೆದಿತ್ತು. ಇದು ಮತ ಕೇಳೋದೋ, ಬೆದರಿಸೋದೋ?

ವಿರೋಧಿಗಳ ಸಾಲು ನೋಡಿ ನನಗೆ ಆಶ್ಚರ್ಯ. ತೆರಿಗೆಯೇ ಬೇಡ ಅನ್ನುವ ಟೀ ಪಾರ್ಟಿಯವರು, ಪರಿಸರದ ಸಿಯೆರಾ ಕ್ಲಬ್‌ನವರು, ಡಿಕ್ಯಾಬ್ ಕೌಂಟಿಯಲ್ಲಿ ಕರಿಯರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ, ಮೂವರೂ ಒಂದೇ ಕಡೆ. ಡಿಕ್ಯಾಬ್‌ನವರ ಮಾತಿಗೆ ತೂಕ ಇತ್ತು. 1971ರಲ್ಲೇ ಫುಲ್ಟನ್ ಮತ್ತು ಡಿಕ್ಯಾಬ್ ಕೌಂಟಿಗಳ ಜನ ಮಾರ್ಟಾ ರೈಲು, ಬಸ್ಸಿಗಾಗಿ ನೂರಕ್ಕೆ ಒಂದು ತೆರಿಗೆ ಒಪ್ಪಿಕೊಂಡಿದ್ದರು. ಗ್ವಿನೆಟ್, ಕ್ಲೇಟನ್ ಕೌಂಟಿಗಳು ಆಗ ಬೇಡ ಅಂದಿದ್ದವು. ನಲವತ್ತು ವರ್ಷ ಕೊಟ್ಟವರು ಇನ್ನೂ ಒಂದು ಸೇರಿಸಬೇಕು. ಆದರೆ ದಕ್ಷಿಣ ಡಿಕ್ಯಾಬ್ ಕಾಯುತ್ತಿದ್ದ ರೈಲು ಪಟ್ಟಿಯಲ್ಲಿ ಇರಲಿಲ್ಲ.

1971ರ ಆ ಮತದ ಹಿಂದೆಯೂ ಒಂದು ಮಾತು ಕೊಟ್ಟಿದ್ದರು. ತೆರಿಗೆ ಒಪ್ಪಿದರೆ ಬಸ್ ಟಿಕೆಟನ್ನು 40 ಸೆಂಟಿನಿಂದ 15ಕ್ಕೆ ಇಳಿಸ್ತೀವಿ ಅಂತ. 1972ರಲ್ಲಿ ಇಳಿಸಿದರು ಕೂಡ. ಬಡವನ ಅಂಗಡಿ ಬಿಲ್ಲಿಗೆ ಸೇರಿಸಿದ್ದನ್ನು ಅವನ ಬಸ್ ಚೀಟಿಯಲ್ಲಿ ಹಿಂದಿರುಗಿಸಿದರು. ಅಕ್ಕಿ ಮೇಲಿನ ತೆರಿಗೆಯೂ ನ್ಯಾಯ ಆಗಬಹುದು ಅನ್ನೋದಕ್ಕೆ ನನಗೆ ಸಿಕ್ಕ ಒಳ್ಳೆ ಉದಾಹರಣೆ ಇದೇ. ಎಲ್ಲಿಂದ ತಗೊಂಡರು ಅನ್ನೋದು ಅರ್ಧ ಪ್ರಶ್ನೆ. ಯಾರಿಗೆ ವಾಪಸು ಹೋಯ್ತು ಅನ್ನೋದು ಇನ್ನರ್ಧ.

ಇದನ್ನು ಅಂಕಲ್ ಮುಂದೆ ಇಟ್ಟು, "ಅದಕ್ಕೇ ನೀವು ಹೂಂ ಅನ್ನಿ" ಅಂದೆ. ಅವರು ತಣ್ಣಗೆ ಹೇಳಿದರು: "ನಿನಗೆ ವೋಟಿಲ್ಲ ಅಲ್ವೇನಪ್ಪಾ? ನಾಳೆ ಊರಿಗೆ ಹೊರಡ್ತೀಯ. ಹತ್ತು ವರ್ಷ ಕಟ್ಟೋರು ನಾವು."

ಚುಚ್ಚಿತು. ವೀಸಾದ ಮೇಲೆ ಬಂದವನು ನಾನು. ಅಂಗಡಿಯಲ್ಲಿ ತೆರಿಗೆ ಕಟ್ಟುವಾಗ ಯಾರೂ ಪಾಸ್‌ಪೋರ್ಟ್ ಕೇಳಲ್ಲ, ಮತಗಟ್ಟೆಯಲ್ಲಿ ಕೇಳ್ತಾರೆ. ಕಟ್ಟುವವನಿಗೆ ಮಾತಿಲ್ಲ ಅಂತ ನಾನೂ ದೂರಬಹುದಿತ್ತು. ಆದರೆ ಅವರ ಮಾತು ಉಲ್ಟಾ ಕಡೆಯದು: ಬಿಟ್ಟು ಹೋಗುವವನು ಇರುವವರ ತಲೆ ಮೇಲೆ ಹೊರೆ ಇಡಬಹುದಾ? ನಿಜಕ್ಕೂ ಮರುವರ್ಷ ನಾವು ಬೆಂಗಳೂರಿಗೆ ಬಂದೆವು.

ಜುಲೈ 31ರಂದು ಅಟ್ಲಾಂಟ ಪ್ರದೇಶದಲ್ಲಿ ನೂರಕ್ಕೆ ಸುಮಾರು 63 ಜನ ಬೇಡ ಅಂದರು. ರಾಜ್ಯದ 12 ಪ್ರದೇಶಗಳಲ್ಲಿ ಮೂರು ಮಾತ್ರ ಒಪ್ಪಿದವು. ಅಂಕಲ್ ಗೆದ್ದರು ಅಂತ ಕತೆ ಮುಗಿಸಬಹುದಿತ್ತು.

ಆದರೆ ನಮ್ಮ ಆಫೀಸು ಗುಡಿಸಲು ಬರುತ್ತಿದ್ದ ಒಬ್ಬ ಹೆಂಗಸು ಇದ್ದರು. ಮನೆ ಕ್ಲೇಟನ್ ಕೌಂಟಿ. ದುಡ್ಡಿಲ್ಲ ಅಂತ ಆ ಕೌಂಟಿಯ ಬಸ್ ಸೇವೆ 2010ರ ಮಾರ್ಚ್ ಕೊನೆಗೆ ಪೂರ್ತಿ ನಿಂತುಹೋಗಿತ್ತು. ಅಲ್ಲಿಂದ ಅವರು ಪರಿಚಯದವರ ಕಾರಿಗೆ ವಾರಕ್ಕಿಷ್ಟು ಅಂತ ದುಡ್ಡು ಕೊಟ್ಟು ಬರ್ತಿದ್ದರು. ಕಾರಿನವನು ಕೈಕೊಟ್ಟ ದಿನ ಸಂಬಳ ಇಲ್ಲ. ಮತದಾನದ ಮಾತು ಬಂದಾಗ, ನೀವು ಕಟ್ಟುವ ತೆರಿಗೆ ನಮಗಿಂತ ಭಾರ ಅಲ್ವಾ ಅಂತ ಕೇಳಿದ್ದೆ. ಅವರು ಹೇಳಿದ್ದು ಇಷ್ಟು: ಭಾರವೇ, ಆದರೆ ಈಗ ಕೊಡ್ತಾ ಇರೋದು ಅದಕ್ಕಿಂತ ಭಾರ.

2014ರ ನವೆಂಬರ್‌ನಲ್ಲಿ ಕ್ಲೇಟನ್ ಕೌಂಟಿ ಮಾರ್ಟಾಕ್ಕೆ ಸೇರಲು, ನೂರಕ್ಕೆ ಒಂದು ತೆರಿಗೆ ಕಟ್ಟಲು ಮತ ಹಾಕಿತು. ನಾಲ್ಕರಲ್ಲಿ ಸುಮಾರು ಮೂರು ಪಾಲು ಜನ ಹೂಂ ಅಂದರು. 1971ರಲ್ಲಿ ಬೇಡ ಅಂದಿದ್ದ ಅದೇ ಕೌಂಟಿ. 2015ರ ಮಾರ್ಚ್‌ನಲ್ಲಿ ಬಸ್ಸು ಮತ್ತೆ ಓಡಿತು. ನಾನು ಬೆಂಗಳೂರಲ್ಲಿ ಕೂತು ಸುದ್ದಿ ಓದಿದೆ. ಅಂಕಲ್‌ಗೆ ಫೋನ್ ಮಾಡಿದೆ. "ಅಲ್ಲಿ ಬಸ್ಸು ಯಾರಿಗೆ ಅಂತ ಗೊತ್ತಿತ್ತು ನೋಡು," ಅಂದರು. "ನಮಗೆ ಕೊಟ್ಟಿದ್ದು 157 ಕೆಲಸದ ಪಟ್ಟಿ."

ಇಲ್ಲಿ ನಮ್ಮನ್ನು ಯಾರೂ ಕೇಳಲ್ಲ. 2024ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲ್ ಲೀಟರಿಗೆ ಮೂರು ರೂಪಾಯಿ ಹೆಚ್ಚಾಯ್ತು. ಬಂಕ್‌ನಲ್ಲಿ ಬೈಕಿನವರು ಗೊಣಗಿದರು, ನಾನೂ ಗೊಣಗಿದೆ. ಆ ಮೂರು ರೂಪಾಯಿ ಯಾವ ರಸ್ತೆಗೆ, ಯಾವ ಬಸ್ಸಿಗೆ ಅಂತ ನನ್ನ ಕೈಗೆ ಪಟ್ಟಿ ಬರಲಿಲ್ಲ. ಅಟ್ಲಾಂಟದವರ ಪಟ್ಟಿ ಸೋತಿರಬಹುದು, ಬೈಯೋಕಾದರೂ ಒಂದು ಪಟ್ಟಿ ಇತ್ತು.

ಈಗ ಯಾರಾದರೂ ಕೇಳಿದರೆ ನನ್ನ ಉತ್ತರ 2012ರಷ್ಟು ಸಲೀಸಾಗಿ ಬರಲ್ಲ. ತೆರಿಗೆಗೆ ಈಗಲೂ ಹೂಂ ಅಂತಲೇ ಅಂತೀನಿ. ಆದರೆ ಮೊದಲು ಎರಡು ವಿಷಯ ತಿಳ್ಕೊಂಡು ಅಂತೀನಿ: ಹಳೇ ಮಾತು ಉಳಿಸಿಕೊಂಡಿದ್ದಾರಾ, ಮತ್ತೆ ಅಕ್ಕಿ ಕೊಂಡು ಕಾರಿಲ್ಲದೆ ಮನೆಗೆ ಹೋಗುವವರ ಬಾಗಿಲಿಗೆ ಬಸ್ಸು ಯಾವತ್ತು ಬರುತ್ತೆ.