ಗೋಡೆಯಾಚೆಯ ದನಿ

ಬೆಳಗಿನ ಆರೂವರೆ. ಗರುಡಾಚಾರ್‌ಪಾಳ್ಯದ ನಮ್ಮ ಬೀದಿಗೆ ಹಾಲು ಬಂದು ಹೋಗಿದೆ. ಪಕ್ಕದ ಮನೆಯ ಅಜ್ಜಿ ಟಿವಿ ಹಾಕಿದ್ದಾರೆ, ಯಾವುದೋ ಹಳೆಯ ರಾಜ್‌ಕುಮಾರ್ ಸಿನಿಮಾ. ನಮ್ಮ ಮನೆಗೆ ನಾಯಕಿಯ ಮಾತು ಮಾತ್ರ ಕೇಳುತ್ತದೆ. ಕಾಫಿ ಲೋಟ ಕೆಳಗಿಟ್ಟು ಕಿವಿಗೊಟ್ಟೆ. ಆ ದನಿ ನನಗೆ ಗೊತ್ತು, ನಾಯಕಿಗೆ ಕಂಠದಾನ ಮಾಡಿದ ರಂಗನಟಿ ಬಿ. ಜಯಶ್ರೀ ಅವರದು.

ಮಾಧವಿ, ಜಯಪ್ರದಾ, ಅಂಬಿಕಾ ತೆರೆಯ ಮೇಲೆ ಕನ್ನಡದಲ್ಲಿ ನಕ್ಕಾಗ, ಮುನಿಸಿಕೊಂಡಾಗ, ಅತ್ತಾಗ ನಾವು ಎಷ್ಟೋ ಸಲ ಕೇಳಿದ್ದು ಈ ಕಂಠವನ್ನು. ನಮ್ಮ ಅಮ್ಮಂದಿರು ಆ ನಾಯಕಿಯರನ್ನು ಮನೆಮಗಳಂತೆ ಒಪ್ಪಿಕೊಂಡದ್ದು ಅರ್ಧ ಈ ದನಿಯಿಂದ. ದನಿಯ ಒಡತಿಯ ಮುಖ ಮಾತ್ರ ಕತ್ತಲಲ್ಲೇ ಉಳಿಯಿತು.

ಅಂಥ ಕಂಠ ಒಂದೇ ತಲೆಮಾರಿನಲ್ಲಿ ಬರುವುದಲ್ಲ. ತಾಯಿ ಜಿ.ವಿ. ಮಾಲತಮ್ಮ, ತಾತ ನಾಟಕ ಕಂಪನಿ ನಡೆಸಿದ ಗುಬ್ಬಿ ವೀರಣ್ಣ. ಕೊನೆಯ ಸಾಲಿನಲ್ಲಿ ಕೂತವನಿಗೂ ಅಕ್ಷರ ಅಕ್ಷರ ಕೇಳಬೇಕೆಂಬುದು ಕಂಪನಿ ನಾಟಕದ ಶಿಸ್ತು. ಪುಟ್ಟ ಮಗುವಾಗಿದ್ದಾಗಲೇ ಜಯಶ್ರೀ ಆ ರಂಗವೇರಿದರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಅಲ್ಲಿ ಇಬ್ರಾಹಿಂ ಅಲ್ಕಾಜಿಯವರ ಗರಡಿ. 1973ರಲ್ಲಿ ಓದು ಮುಗಿಸಿ ಊರಿಗೆ ಬಂದರು, 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು.

ನನ್ನನ್ನು ಕಾಡುವುದು ಇದು. ಯಾರೋ ಬರೆದ ಮಾತನ್ನು ಯಾರದೋ ತುಟಿಗೆ ಹೊಂದಿಸಿ ನುಡಿದವರು, ತಮ್ಮ ತಂಡದಲ್ಲಿ ನಿಂತು ನಾಟಕ ಹೇಗಿರಬೇಕೆಂದು ತಾವೇ ತೀರ್ಮಾನಿಸಿದರು. ‘ಲಕ್ಷಾಪತಿ ರಾಜನ ಕಥೆ’ಯಲ್ಲಿ ಜನಪದರ ಹಾಡು ಕುಣಿತಗಳನ್ನು ನಗರದ ರಂಗಕ್ಕೆ ತಂದರು. ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. 1996ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ. ಆದರೂ ನನಗೆ ದೊಡ್ಡದಾಗಿ ಕಾಣುವುದು ಆ ಸ್ಪಂದನ. ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ತಂಡ ಕಟ್ಟಿ, ದಶಕಗಟ್ಟಲೆ ಉಳಿಸಿಕೊಳ್ಳುವುದು ಸಾಮಾನ್ಯದ ಮಾತಲ್ಲ.

ಟಿವಿಯ ಪಾಲಿಗೆ ಇಂಥದೇ ಹೆಜ್ಜೆ ಇಟ್ಟವರು ವೈಶಾಲಿ ಕಾಸರವಳ್ಳಿ. ರಂಗದ ನಟಿ, ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು, ‘ಮೂಡಲ ಮನೆ’ ಧಾರಾವಾಹಿಯನ್ನು ನಿರ್ದೇಶಿಸಿದರು. ನಮ್ಮ ಅಜ್ಜಿಯಂಥವರು ಅದಕ್ಕಾಗಿ ಒಲೆ ಆರಿಸಿ ಬಂದು ಕೂರುತ್ತಿದ್ದರು. 2010ರಲ್ಲಿ ವೈಶಾಲಿ ತೀರಿಕೊಂಡಾಗ ಅವರಿಗಿನ್ನೂ ಅರವತ್ತು ತುಂಬಿರಲಿಲ್ಲ. ಅವರು ಮಾಡಬೇಕಿದ್ದುದು ಬಹಳವಿತ್ತು.

ಗೋಡೆಯಾಚೆ ಈಗ ಜಾಹೀರಾತು. ಕಿಟಕಿಯಿಂದ ನೋಡಿದರೆ ಕಾರ್ಖಾನೆಗೆ ಹೊರಟ ಹೆಣ್ಣುಮಕ್ಕಳು, ಕೈಯಲ್ಲಿ ಬುತ್ತಿ, ಮುಡಿಯಲ್ಲಿ ಒಂದು ಮೊಳ ಹೂವು. ಅವರಲ್ಲಿ ಎಷ್ಟು ಮಂದಿ ನಾಟಕ ನೋಡಿರಬಹುದು? ಒಂದು ಕಾಲಕ್ಕೆ ನಮ್ಮ ಪಾಳ್ಯದಿಂದ ರವೀಂದ್ರ ಕಲಾಕ್ಷೇತ್ರಕ್ಕೆ ಹೋಗುವುದೆಂದರೆ ಅರ್ಧ ದಿನದ ಪ್ರಯಾಣ, ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲೇ ಉಸಿರು ಕಟ್ಟುತ್ತಿತ್ತು. 2023ರ ಅಕ್ಟೋಬರ್‌ನಿಂದ ಮೆಟ್ರೊ ಇಲ್ಲಿಂದ ನೇರ ಮೆಜೆಸ್ಟಿಕ್‌ಗೆ ಹೋಗುತ್ತದೆ. ಅಲ್ಲಿ ಹಸಿರು ಮಾರ್ಗದ ರೈಲು ಹಿಡಿದರೆ ಮಾರ್ಕೆಟ್, ಅಲ್ಲಿಂದ ಕಲಾಕ್ಷೇತ್ರ ಹತ್ತಿರವೇ. ಈ ಭಾನುವಾರ ಮನೆಯ ಹೆಣ್ಣುಮಕ್ಕಳನ್ನು ಒಂದು ನಾಟಕಕ್ಕೆ ಕರೆದುಕೊಂಡು ಹೋಗಿ. ನಾನು ಪಕ್ಕದ ಮನೆಯ ಅಜ್ಜಿಯನ್ನು ಕೇಳಿದ್ದೇನೆ, ಬರುತ್ತೇನೆ ಅಂದಿದ್ದಾರೆ.