ಕೈ ಎತ್ತಿದವರು ಯಾರು?

ಮೇಷ್ಟ್ರಾಗಿದ್ದ ಕಾಲದಲ್ಲಿ ಒಮ್ಮೆ ಏಳನೇ ತರಗತಿಯ ಹುಡುಗನೊಬ್ಬನ ಕೆನ್ನೆಗೆ ಹೊಡೆದೆ. ಲೆಕ್ಕ ತಪ್ಪಿದ್ದಕ್ಕಲ್ಲ, ತಪ್ಪಿದ ಮೇಲೂ ನಕ್ಕನೆಂದು. ಸಂಜೆ ಅವನ ತಂದೆ ಬಂದು ಕೇಳಿದಾಗ, "ಸಿಟ್ಟಿನಲ್ಲಿ ಕೈ ಎದ್ದುಬಿಟ್ಟಿತು, ಯಜಮಾನರೇ" ಎಂದೆ. ಅವರು ಮರುಮಾತಾಡದೆ ಹೋದರು. ನನ್ನ ಆ ಮಾತು ಮಾತ್ರ ನನ್ನನ್ನು ಬಿಟ್ಟುಹೋಗಲಿಲ್ಲ.

ಕೈ ತಾನಾಗಿ ಏಳುತ್ತದೆಯೇ? ಮಿದುಳಿನ ಮೇಲ್ಪದರದಲ್ಲಿ, ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಪಟ್ಟಿಯೊಂದು ಎರಡೂ ಪಕ್ಕದಲ್ಲಿದೆ. ಸ್ನಾಯುಗಳಿಗೆ ಅಪ್ಪಣೆ ಹೊರಡುವುದು ಬಹುಪಾಲು ಅಲ್ಲಿಂದ. ಅದನ್ನು ಒಯ್ಯುವ ನರತಂತುಗಳಲ್ಲಿ ಹೆಚ್ಚಿನವು ಮಿದುಳಿನ ಬುಡದಲ್ಲಿ ಅಡ್ಡ ದಾಟುವುದರಿಂದ, ನನ್ನ ಬಲಗೈಗೆ ಎಡ ಮಿದುಳೇ ಒಡೆಯ. ಎದೆ, ಬೆನ್ನು, ಹೊಟ್ಟೆಗೆಲ್ಲ ಅಲ್ಲಿ ದೊರೆತ ಜಾಗಕ್ಕಿಂತ ಅಂಗೈ ಬೆರಳುಗಳಿಗೆ ದೊರೆತದ್ದೇ ಹೆಚ್ಚು.

ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ ಮುಟ್ಟಿಸಿ ನೋಡಿದರು. ಸಹೋದ್ಯೋಗಿಯೊಡನೆ 1937ರಲ್ಲಿ ಇದನ್ನು ಪ್ರಕಟಿಸಿದರು. ವಿದ್ಯುತ್ ತಾಗಿದೊಡನೆ ರೋಗಿಯ ಕೈ ಆಡುತ್ತಿತ್ತು. ಕೇಳಿದರೆ, ಆಡಿಸಿದ್ದು ತಾನಲ್ಲ, ವೈದ್ಯರೇ ಎನ್ನುತ್ತಿದ್ದ. ಅವನ ಮಾತು ನಿಜ. ಆದರೆ ನನ್ನ ತಲೆಗೆ ಯಾರೂ ತಂತಿ ಮುಟ್ಟಿಸಿರಲಿಲ್ಲವಲ್ಲ!

ಅಮೆರಿಕದ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಪರ ವಕಾಲತ್ತು ವಹಿಸುವಂತೆ ಕಂಡಿತು. ಕೈ ಆಡಿಸಬೇಕೆಂಬ ಇಚ್ಛೆ ಅರಿವಿಗೆ ಬರುವುದಕ್ಕೆ ಸುಮಾರು ಮೂರನೇ ಒಂದು ಸೆಕೆಂಡ್ ಮೊದಲೇ ಮಿದುಳಿನಲ್ಲಿ ಸಿದ್ಧತೆ ನಡೆದಿತ್ತು. ಅರಿವಾದ ಮೇಲೆ ಉಳಿಯುವುದು ಸೆಕೆಂಡಿನ ಐದನೇ ಒಂದು ಪಾಲು. ಅಷ್ಟರೊಳಗೆ 'ಬೇಡ' ಎನ್ನಬಹುದೆಂದು ಲಿಬೆಟ್ ನಂಬಿದ್ದರು. ಈ ಪ್ರಯೋಗದ ಅರ್ಥವೇನೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ.

ಅಷ್ಟು ಚಿಕ್ಕ ಅವಧಿಯಲ್ಲಿ ಧರ್ಮಾಧರ್ಮ ಯೋಚಿಸುವುದು ಹೇಗೆ ಎಂದು ಸಮಾಧಾನ ಹೇಳಿಕೊಳ್ಳಹೊರಟೆ. ಆಗ ಹೊಳೆಯಿತು: ಕರಿಹಲಗೆಯ ಮೇಲಿನ ನನ್ನ ದುಂಡು ಅಕ್ಷರವೂ ಯೋಚಿಸದೆಯೇ ಬರುತ್ತದೆ. ಆದರೂ ಅದನ್ನು ನನ್ನದೆಂದೇ ಹೇಳಿಕೊಂಡು ಬೀಗಿದ್ದೇನೆ, ವರ್ಷಗಟ್ಟಲೆ ತಿದ್ದಿ ಕಲಿತದ್ದರಿಂದ. ಅಭ್ಯಾಸ ಮಿದುಳಿನ ಆ ಪಟ್ಟಿಯನ್ನೇ ಬದಲಿಸುತ್ತದೆ. ಹೊಡೆತವೂ ಹಾಗೆಯೇ ಅಲ್ಲವೇ? ಬೆತ್ತ ಹಿಡಿದು ಕಳೆದ ಅಷ್ಟು ವರ್ಷ ಆ ಕೈಗೆ ಪಾಠ ಹೇಳಿದವನು ನಾನೇ. ತಡೆಯಲು ನನಗಿದ್ದದ್ದು ಒಂದು ಕ್ಷಣವಲ್ಲ, ಅಷ್ಟೂ ವರ್ಷ. ಅಕ್ಷರದ ಹೊಗಳಿಕೆ ನನಗೆ, ಹೊಡೆತದ ದೂರು ಕೈಗೆ ಎಂದರೆ ಅದ್ಯಾವ ನ್ಯಾಯ?

ಆ ಹುಡುಗ ಈಗ ಎಲ್ಲಿದ್ದಾನೋ. ಸಿಕ್ಕರೆ, "ಕೈ ಎದ್ದುಬಿಟ್ಟಿತು" ಎನ್ನಲಾರೆ. "ಎತ್ತಿದೆ, ತಪ್ಪಾಯಿತು" ಎನ್ನಬೇಕೆಂದಿದ್ದೇನೆ.